ಮೂರನೆಯ ವರ

ದ್ರೌಪದಿಯ ವಸ್ತ್ರಾಪಹರಣ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎರಡು ಚಿತ್ರಗಳು. ಒಂದು, ಎಳೆದಷ್ಟೂ ಮುಗಿಯದ ಸೀರೆ. ಇನ್ನೊಂದು, ಬಿಚ್ಚಿದ ಮುಡಿ ಮತ್ತು ಭೀಮನ ಪ್ರತಿಜ್ಞೆ. ಮೊದಲನೆಯದು ಪವಾಡ, ಎರಡನೆಯದು ಸೇಡು. ವ್ಯಾಸಭಾರತದ ಸಭಾಪರ್ವದಲ್ಲಿ ಇವೆರಡರ ಜೊತೆಗೆ ಇನ್ನೂ ಒಂದು ಸಂಗತಿ ಇದೆ. ಅಪಶಕುನಗಳಿಗೆ ಹೆದರಿದ ಧೃತರಾಷ್ಟ್ರ ಸೊಸೆಯನ್ನು ಕರೆದು ವರ ಕೇಳು ಎನ್ನುತ್ತಾನೆ. ತನ್ನ ಮಗ ದಾಸನ ಮಗ ಎನಿಸಿಕೊಳ್ಳಬಾರದೆಂದು ಆಕೆ ಮೊದಲು ಧರ್ಮರಾಯನ ಬಿಡುಗಡೆ ಕೇಳುತ್ತಾಳೆ. ಎರಡನೆಯ ವರದಲ್ಲಿ ಉಳಿದ ನಾಲ್ವರನ್ನು ರಥ, ಬಿಲ್ಲುಗಳ ಸಮೇತ ಬಿಡಿಸಿಕೊಳ್ಳುತ್ತಾಳೆ. ಇನ್ನೊಂದು ಕೇಳು ಎಂದಾಗ, ಲೋಭ ಧರ್ಮವನ್ನು ಕೆಡಿಸುತ್ತದೆ, ಕ್ಷತ್ರಿಯ ಸ್ತ್ರೀಗೆ ಎರಡೇ ವರ ಎಂದು ನಿಲ್ಲಿಸಿಬಿಡುತ್ತಾಳೆ.

ಅನ್ಯಾಯವಾದದ್ದು ಅವಳಿಗೆ. ಕೇಳಿದ್ದೆಲ್ಲ ಗಂಡಂದಿರಿಗೆ ಮತ್ತು ಮಗನ ಹೆಸರಿಗೆ. ಕೊಟ್ಟವನು ದುಶ್ಶಾಸನನಲ್ಲ, ದುರ್ಯೋಧನನೂ ಅಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ದೊರೆ. ಕೊಟ್ಟದ್ದು ಋಣವೆಂದಲ್ಲ, ಕೃಪೆಯೆಂದು. ಕೃಪೆಯಾದ್ದರಿಂದಲೇ ಅದು ಉಳಿಯಲಿಲ್ಲ. ಮತ್ತೊಮ್ಮೆ ಪಗಡೆ ಹಾಸಿದಾಗ ಮರಳಿ ಬಂದ ರಾಜ್ಯ ಹೋಯಿತು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಪರಿಹಾರ ಕೇಳುವ ಬಗ್ಗೆ ಕನ್ನಡದಲ್ಲಿ ನಾವು ಹೇಗೆ ಮಾತಾಡುತ್ತೇವೆ ಎಂಬುದನ್ನು ನೋಡಲು ಈ ಮರೆತ ಪ್ರಸಂಗ ನನಗೆ ಒಂದು ಕನ್ನಡಿಯಂತೆ ಕಾಣುತ್ತದೆ. ನಮ್ಮ ಯಡಿಯೂರಿನ ಸುತ್ತಮುತ್ತ, ಕುಣಿಗಲ್, ಗುಬ್ಬಿಯ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಕಡಿಮೆ. ನಾನು ನೋಡಿದ ಒಂದು ಆಟದಲ್ಲೂ ವರದ ಪ್ರಸಂಗ ಬಂದದ್ದಿಲ್ಲ. ಬಂದರೆ ಶಿಳ್ಳೆ ಬೀಳುವುದಿಲ್ಲ ಎಂಬುದು ನಿಜ. ಕೇಳಿ ಪಡೆಯುವುದರಲ್ಲಿ ವೀರರಸವಿಲ್ಲ, ಭಕ್ತಿರಸವೂ ಇಲ್ಲ. ಆದರೆ ಬದುಕು ಮುಂದೆ ಸಾಗಬೇಕಾದವಳಿಗೆ ಬೇಕಾಗುವುದು ಹೆಚ್ಚಾಗಿ ಅದೇ.

ಇತ್ತೀಚಿನ ಒಂದು ಉದಾಹರಣೆ ತೆಗೆದುಕೊಳ್ಳೋಣ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟನೆಂಬ ಕಾರಣಕ್ಕೆ ತಾಯಿಯನ್ನು ಮನೆಯಿಂದ ಎಳೆದು, ಬೆತ್ತಲೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ವಿಚಾರಣೆಯಲ್ಲಿ ದ್ರೌಪದಿಯನ್ನು ನೆನೆಯಿತು. ಆಗ ಕೃಷ್ಣನಾದರೂ ಬಂದ, ಈಗ ದುರ್ಯೋಧನ ದುಶ್ಶಾಸನರಷ್ಟೇ ಇದ್ದಾರೆ ಎಂಬುದು ಅದರ ಮಾತಿನ ತಾತ್ಪರ್ಯ. ಪತ್ರಿಕೆಗಳು ಇದನ್ನೇ ತಲೆಬರಹ ಮಾಡಿದವು. ಮಹಾಭಾರತದ ಓದಾಗಿ ನೋಡಿದರೆ ಇದು ನಮಗೆ ಅಭ್ಯಾಸವಾದ ಓದೇ. ಪವಾಡ ಇತ್ತು, ಈಗ ಇಲ್ಲ ಎಂಬ ವಿಷಾದ.

ಆದರೆ ಅದೇ ಪೀಠ ಇನ್ನೊಂದು ಮಾತನ್ನೂ ಆಡಿತು. ಅಷ್ಟು ಜನ ನೋಡುತ್ತ ನಿಂತದ್ದು ಸಾಮೂಹಿಕ ಹೇಡಿತನ ಎಂದಿತು. ಬೆಂಟಿಂಕ್‌ನ ಕಾಲದಲ್ಲಿ ಇಡೀ ಊರಿನ ಮೇಲೆ ದಂಡ ಹಾಕುತ್ತಿದ್ದುದನ್ನು ನೆನಪಿಸಿ, ಊರಿನಿಂದ ಹಣ ವಸೂಲು ಮಾಡಿ ಆಕೆಗೆ ಕೊಡುವ ವಿಚಾರವನ್ನು ಮುಂದಿಟ್ಟಿತು. ಹಳಬರು ಪುಂಡುಗಂದಾಯ ಎನ್ನುತ್ತಿದ್ದರಲ್ಲ, ಅದು. ನನ್ನ ದೃಷ್ಟಿಯಲ್ಲಿ ಸಭಾಪರ್ವದ ಹೊಸ ಓದು ಇರುವುದು ಇಲ್ಲಿ. ಭೀಷ್ಮ, ದ್ರೋಣ, ಕೃಪರು ಸುಮ್ಮನಿದ್ದುದಕ್ಕೆ ನಾವು ಇಷ್ಟು ಕಾಲ ಬೇಸರಪಟ್ಟಿದ್ದೇವೆ, ಪಾಂಡಿತ್ಯಪೂರ್ಣ ಸಮರ್ಥನೆಗಳನ್ನೂ ಬರೆದಿದ್ದೇವೆ. ಭೀಷ್ಮರಿಂದ ದಂಡ ವಸೂಲು ಮಾಡಿ ದ್ರೌಪದಿಗೆ ಕೊಡಿ ಎಂದು ಎಷ್ಟು ವಿಮರ್ಶಕರು ಬರೆದಿದ್ದಾರೆ? ಊರೆಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೇ ಎಂಬ ತಕರಾರು ಇದ್ದೇ ಇದೆ. ಅಂದು ತಡೆಯಲು ಮುಂದೆ ಬಂದವನೂ ಆ ಊರಿನವನೇ. ಆದರೂ ಪ್ರಶ್ನೆ ಪವಾಡದಿಂದ ಬಾಕಿಗೆ ಹೊರಳಿದ್ದು ದೊಡ್ಡದು. ಕೊನೆಗೆ ಆಕೆಗೆ ಸಿಕ್ಕಿದ್ದು ಸರ್ಕಾರದಿಂದ 5 ಲಕ್ಷ ರೂಪಾಯಿ ಮತ್ತು ಎರಡು ಎಕರೆಗೂ ತುಸು ಹೆಚ್ಚು ಜಮೀನು. ಒಳ್ಳೆಯದೇ. ಆದರೆ ಕೊಟ್ಟವನು ಮತ್ತೆ ಧೃತರಾಷ್ಟ್ರ.

ಈ ಗೊಂದಲ ನಮ್ಮ ಪದಗಳಲ್ಲೇ ಇದೆ. ಯಡಿಯೂರಿನ ಸಿದ್ಧಲಿಂಗೇಶ್ವರನ ಗದ್ದುಗೆಗೆ ಬರುವ ಭಕ್ತರು ಕಷ್ಟ ಪರಿಹಾರವಾಗಲಿ ಎಂದು ಬೇಡಿಕೊಳ್ಳುತ್ತಾರೆ. ಬರ ಬಿದ್ದಾಗ ಸರ್ಕಾರ ಕೊಡುವುದೂ ಪರಿಹಾರ, ಗಣಿತದ ಲೆಕ್ಕಕ್ಕೆ ಸಿಗುವುದೂ ಪರಿಹಾರ. ಆ ಪದದಲ್ಲಿ ಕೊಡುವವನ ತಪ್ಪಿನ ಸುಳಿವಿಲ್ಲ. ಪರಿಹಾರ ಕೊಟ್ಟಾಯಿತು ಎಂದರೆ ವಿಷಯ ಮುಗಿಯಿತು ಎಂಬ ಧ್ವನಿಯೂ ಇದೆ. ತಪ್ಪುಕಾಣಿಕೆ ಎಂಬ ಸುಂದರ ಪದ ನಮ್ಮಲ್ಲಿದೆ. ಅದು ಸಲ್ಲುವುದು ದೇವರಿಗೆ. ದಂಡ ಸಲ್ಲುವುದು ಸರ್ಕಾರಕ್ಕೆ ಅಥವಾ ಪಂಚಾಯ್ತಿಗೆ. ತಪ್ಪು ಮಾಡಿದವನು ತಪ್ಪಿಗೆ ಒಳಗಾದವಳಿಗೇ ಸಲ್ಲಿಸಬೇಕಾದ್ದಕ್ಕೆ ಪದವೇ ಇಲ್ಲವೆ? ಇದೆ. ಪಕ್ಕದವರ ದನ ರಾಗಿ ಹೊಲಕ್ಕೆ ನುಗ್ಗಿ ಮೇಯ್ದರೆ ನಮ್ಮೂರಲ್ಲಿ ಯಾರೂ ಪರಿಹಾರ ಕೇಳುವುದಿಲ್ಲ, ‘ನಷ್ಟ ಕಟ್ಟಿಕೊಡು’ ಎನ್ನುತ್ತಾರೆ. ಆ ಮಾತಿನಲ್ಲಿ ಯಾಚನೆಯಿಲ್ಲ. ಸಿವಿಲ್ ದಾವೆಯ ತಿರುಳೂ ಅಷ್ಟೇ.

ಕಥನಶಾಸ್ತ್ರ ಓದುವವರಿಗೆ ಇನ್ನೊಂದು ಅಂಶ ಕುತೂಹಲ ಹುಟ್ಟಿಸಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಕತೆ ಹೇಳುವುದು ಸರ್ಕಾರ. ನೊಂದವಳು ಅದರ ಒಬ್ಬ ಸಾಕ್ಷಿ. ದಾಖಲೆಯಲ್ಲಿ ಆಕೆಗೆ ಪಿ.ಡಬ್ಲ್ಯು. ಎಂಬ ಅಕ್ಷರಗಳೂ ಒಂದು ಅಂಕಿಯೂ ಸಿಗುತ್ತವೆ. ಕೇಳಿದ್ದಕ್ಕಷ್ಟೇ ಉತ್ತರ. ಸಿವಿಲ್ ದಾವೆಯಲ್ಲಿ ಆಕೆ ವಾದಿ. ಏನಾಯಿತು, ಏನು ಕಳೆಯಿತು, ಏನು ಬೇಕು ಎಂಬುದನ್ನು ದಾವಾಪತ್ರದಲ್ಲಿ ಆಕೆಯೇ ಮುಂದಿಡುತ್ತಾಳೆ. ಸಾಬೀತಿನ ಅಳತೆಯೂ ಬೇರೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾಗಬೇಕು, ಇಲ್ಲಿ ಸಂಭವ ಯಾವ ಕಡೆ ಹೆಚ್ಚು ತೂಗುತ್ತದೆ ಎಂದು ನೋಡಿದರೆ ಸಾಕು.

ಆದರೂ ನಮ್ಮಲ್ಲಿ ಇಂಥ ದಾವೆಗಳು ಅಪರೂಪ. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ, ಕಾಲಮಿತಿ, ವರ್ಷಗಟ್ಟಲೆಯ ಅಲೆದಾಟ ಇವೆಲ್ಲ ಕಾರಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು ಎಂಬುದೂ ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗಾಗಿ ದಾವೆಯ ಜಾಗದಲ್ಲಿ ಯೋಜನೆ ಬಂದು ಕೂತಿದೆ. ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 396, ಸರ್ಕಾರದ ನಿಧಿಯಿಂದ ಪರಿಹಾರ ಕೊಡಿಸುತ್ತದೆ. ರಾಷ್ಟ್ರೀಯ ಪ್ರಾಧಿಕಾರದ 2018ರ ಯೋಜನೆಯ ಪಟ್ಟಿಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ಎಂದಿದೆ. ಅಪರಾಧಿ ಸಿಗದಿದ್ದರೂ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂಬುದು ಇದರ ದೊಡ್ಡ ಗುಣ. ಆದರೆ ಪಠ್ಯವಾಗಿ ಓದಿದರೆ ಅದು ಧಾರಣೆಯ ಪಟ್ಟಿಯಂತಿದೆ. ಅದರಲ್ಲಿ ಕೃತ್ಯವಿದೆ, ಮೊತ್ತವಿದೆ. ಮಾಡಿದವನು ಆ ಸಾಲಿನಿಂದ ಕಾಣೆಯಾಗಿದ್ದಾನೆ.

ಅವನನ್ನು ಮರಳಿ ಸಾಲಿಗೆ ತಂದ ತೀರ್ಪುಗಳೂ ಇವೆ. ನಮ್ಮ ಗಡಿಯಾಚೆಯ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಶ್ರೀಗಂಧ ಹುಡುಕುವ ನೆಪದಲ್ಲಿ ನುಗ್ಗಿದ ಸರ್ಕಾರಿ ಸಿಬ್ಬಂದಿ 18 ಮಹಿಳೆಯರ ಮೇಲೆ ಅತ್ಯಾಚಾರ ಎಸಗಿದರು. 2023ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಶಿಕ್ಷೆಗಳನ್ನು ಎತ್ತಿಹಿಡಿದು, ತಲಾ 10 ಲಕ್ಷ ಕೊಡಬೇಕೆಂದೂ ಅದರಲ್ಲಿ ಅರ್ಧವನ್ನು ಅಪರಾಧಿಗಳಿಂದ ವಸೂಲು ಮಾಡಬೇಕೆಂದೂ ಹೇಳಿತು. ಅಷ್ಟರಲ್ಲಿ 31 ವರ್ಷ ಕಳೆದಿತ್ತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ, ದಂಡದ ಹಣದಲ್ಲಿ 11 ಲಕ್ಷಕ್ಕೂ ಹೆಚ್ಚನ್ನು ಮನೆಗೆಲಸ ಮಾಡುತ್ತಿದ್ದ ಸಂತ್ರಸ್ತೆಗೆ ಕೊಡಲು ಆದೇಶಿಸಿತು. ನಾವು ಜೈಲಿನ ಸುದ್ದಿಯನ್ನು ಓದಿದೆವು. ಈ ಸಾಲು ಸುದ್ದಿಯ ಬಾಲದಲ್ಲಿತ್ತು.

ಇದಕ್ಕೆಲ್ಲ ಒಂದು ಹಳೆಯ ಆಕ್ಷೇಪವಿದೆ. ಮಾನಕ್ಕೆ ಬೆಲೆ ಕಟ್ಟಲಾದೀತೆ? ಕೇಳಲು ಉದಾತ್ತವಾದ ಮಾತು. ಆದರೆ ಈ ಮಾತು ಯಾರ ಬಾಯಲ್ಲಿ, ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಜಗಲಿಯ ಮೇಲೆ ರಾಜಿ ಮಾಡಿಸಿ, ದುಡ್ಡು ಕೊಟ್ಟು ಬಾಯಿ ಮುಚ್ಚಿಸುವಾಗ ಇದು ಕೇಳಿಬರುವುದಿಲ್ಲ; ಹೆಣ್ಣು ತೆರೆದ ಕೋರ್ಟಿನಲ್ಲಿ ಲೆಕ್ಕ ಕೇಳಿದಾಗಷ್ಟೇ ಕೇಳಿಬರುತ್ತದೆ. ರಾಜಿಯ ದುಡ್ಡು ಮೌನಕ್ಕೆ ಕೊಡುವ ಬೆಲೆ. ಡಿಕ್ರಿಯ ಹಣ ಮಾತಾಡಿದ್ದಕ್ಕೆ ಬರುವ ಉತ್ತರ. ಮೇಲಾಗಿ ಇಲ್ಲಿ ಬೆಲೆ ಕಟ್ಟುತ್ತಿರುವುದು ಮಾನಕ್ಕಲ್ಲ. ಬಿಟ್ಟುಹೋದ ಕೂಲಿಗೆ, ಆಸ್ಪತ್ರೆಯ ಖರ್ಚಿಗೆ, ನಿಂತುಹೋದ ಓದಿಗೆ, ಬದಲಾಯಿಸಬೇಕಾದ ಮನೆಯ ಮುಂಗಡಕ್ಕೆ, ನಿದ್ದೆ ಬಾರದ ರಾತ್ರಿಗಳಿಗೆ. ಮಾನ ಹೋದದ್ದು ಅವಳದಲ್ಲ ಎಂದು ಭಾಷಣದಲ್ಲಿ ಒಪ್ಪುವ ನಾವು, ಈ ಲೆಕ್ಕಕ್ಕೆ ಬಂದಾಗ ಮತ್ತೆ ಅವಳ ಮಾನದ ಮಾತೆತ್ತುತ್ತೇವೆ.

ನಮ್ಮ ಕತೆ, ಕಾದಂಬರಿಗಳು ಇಂಥ ಹೆಣ್ಣನ್ನು ಕೆರೆಗೆ ಕಳಿಸಿವೆ, ಕೈಗೆ ಕುಡುಗೋಲು ಕೊಟ್ಟಿವೆ, ಊರು ಬಿಡಿಸಿವೆ. ತಾಲ್ಲೂಕು ಕೋರ್ಟಿನ ವರಾಂಡದಲ್ಲಿ ಆಸ್ಪತ್ರೆಯ ರಸೀದಿಗಳನ್ನು ಜೋಡಿಸಿಕೊಂಡು ಮುಂದಿನ ತಾರೀಖಿಗೆ ಕಾಯುವವಳಾಗಿ ಆಕೆಯನ್ನು ಕಲ್ಪಿಸಿಕೊಳ್ಳಲು ಬರಹಗಾರರಿಗೂ ಓದುಗರಿಗೂ ಇನ್ನೂ ರೂಢಿಯಾಗಿಲ್ಲ. ಆ ಪಾತ್ರದಲ್ಲಿ ರಸವಿಲ್ಲ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ದ್ರೌಪದಿ ಮೂರನೆಯ ವರವನ್ನು ಲೋಭವೆಂದು ಬಿಟ್ಟಳು. ಅದನ್ನು ಹಿರಿಮೆಯೆಂದು ಹೊಗಳುತ್ತಲೇ ಬಂದದ್ದರಿಂದ, ತನಗಾಗಿ ಕೇಳುವ ಹೆಣ್ಣು ನಮಗೆ ಇಂದಿಗೂ ದುಡ್ಡಿನಾಸೆಯವಳಾಗಿ ಕಾಣುತ್ತಾಳೆ. ಆ ಮೂರನೆಯದು ಅವಳಿಗೆ ಸಲ್ಲಬೇಕಾಗಿದ್ದ ಬಾಕಿ. ವರವೆಂದು ಹೆಸರಿಟ್ಟವರು ಕೊಡಬೇಕಾದವರೇ.