ಶುಶ್ರೂಷೆ: ಯಾರ ಮಾತು ಕೇಳುವುದು?

ನರ್ಸಿಂಗ್ ಶಾಲೆಗಳಲ್ಲಿ ಹುಡುಗಿಯರ ಕೈಗೆ ದೀಪ ಕೊಟ್ಟು ಒಂದು ಪ್ರತಿಜ್ಞೆ ಹೇಳಿಸುತ್ತಾರೆ. ಅದಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿದೆ. ಬರೆದವರು ಮಾತ್ರ ಬೇರೆ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಮಿತಿ ಬರೆದದ್ದು ಅದು. ಅದರ ಮೂಲಪಾಠದಲ್ಲಿ ಮೊದಲು ಬರುವುದು ಪರಿಶುದ್ಧ ಬದುಕು. ಕೊನೆಗೆ ವೈದ್ಯನ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುವ ಮಾತು, ಅದರ ಬೆನ್ನಿಗೆ ರೋಗಿಯ ಕ್ಷೇಮ. ಈ ಸಾಲಿನ ಕ್ರಮವನ್ನೇ ನಾವು ಪ್ರಶ್ನಿಸಬೇಕಾಗಿದೆ.

ಪ್ರಶ್ನಿಸಲು ನೆರವಾಗುವ ಹಳೆಯ ಪಾಠವೊಂದು ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇದೆ. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆ ಬೆಳಕಿಗೆ ತಂದರು. ಜಾತ್ರೆಯಲ್ಲಿ ಬಳೆಗಾರರು ಬೀಡುಬಿಡುವ ಆ ಬಂಡೆಯನ್ನು ಜನ ಕರೆದದ್ದು ಬಳೆಗಾರ ಗುಂಡು ಅಂತ. ಇಲ್ಲಿನ ಅಕ್ಷರಗಳು ಬಹಳ ಸವೆದಿವೆ. ಅದೇ ಪಾಠವನ್ನು ಹತ್ತಿರದ ಬ್ರಹ್ಮಗಿರಿಯಲ್ಲಿ ಚೆನ್ನಾಗಿ ಓದಬಹುದು. ತಾಯಿತಂದೆಯರ ವಿಷಯ ಹೇಳುವಾಗ ಅಲ್ಲಿ ‘ಸುಸೂಸಿತವಿಯೆ’ ಎಂಬ ಮಾತು ಬರುತ್ತದೆ. ನಮ್ಮ ‘ಶುಶ್ರೂಷೆ’ಯ ಬಳಗದ ಮಾತು ಇದು. ಅದರ ಮೂಲ ಅರ್ಥ, ಕೇಳುವ ಬಯಕೆ. ಕೇಳುವುದು ವಿಧೇಯತೆಯಾಯಿತು, ವಿಧೇಯತೆ ಸೇವೆಯಾಯಿತು, ಸೇವೆ ಆಸ್ಪತ್ರೆಗೆ ಬಂತು. ಹಾಗಾದರೆ ನರ್ಸ್ ಆದವಳು ಯಾರ ಮಾತು ಕೇಳಬೇಕು?

ತರಬೇತಿಯನ್ನೇ ವಿಚಾರಿಸೋಣ. ಔಷಧಿ ಕೊಡುವ ಮುಂಚೆ ಐದು ನೋಡು ಅಂತ ಕಲಿಸುತ್ತಾರೆ: ರೋಗಿ ಸರಿಯೇ, ಔಷಧಿ ಸರಿಯೇ, ಪ್ರಮಾಣ ಸರಿಯೇ, ಕೊಡುವ ದಾರಿ ಸರಿಯೇ, ಹೊತ್ತು ಸರಿಯೇ. ಅನುಮಾನ ಬಂದರೆ ಕೈ ತಡೆದು ಡಾಕ್ಟರನ್ನು ಕೇಳಬೇಕು. ಹಟ್ಟಿಯಿಂದಲೋ ಕೇರಿಯಿಂದಲೋ ಬಂದ, ಮೇಷ್ಟ್ರ ಮುಂದೆ ತಲೆ ಎತ್ತದೆ ಬೆಳೆದ ಹುಡುಗಿ ನಡುರಾತ್ರಿ ಫೋನ್ ಹಿಡಿದು ‘ಸಾರ್, ಈ ಡೋಸು ಒಂದ್ಸಲ ನೋಡಿ’ ಅನ್ನುತ್ತಾಳಲ್ಲ, ಅಲ್ಲಿ ಆಕೆ ಬೆಳೆದಳು. ರೋಗಿಯ ನರಳಾಟ ಆಕೆಗೆ ಕೇಳಿಸಿತು, ಅದಕ್ಕೇ ಬಾಯಿ ಬಂತು. ಪ್ರತಿಜ್ಞೆಯ ನಿಷ್ಠೆ ಈ ಬಾಯಿಯನ್ನು ಕಟ್ಟಬಾರದು.

ಇನ್ನು ಪರಿಶುದ್ಧತೆ. ಡೆಟ್ರಾಯಿಟ್‌ನಲ್ಲಿ ಅದು ಶೀಲದ ಮಾತು. ನಮ್ಮ ನೆಲಕ್ಕೆ ಬಂದಾಗ ಅದರ ಮೇಲೆ ಮಡಿಯ ನೆರಳು ಬೀಳುತ್ತದೆ. ರಕ್ತ, ಕೀವು, ಮಲ ಮುಟ್ಟುವುದನ್ನು ಈ ಸಮಾಜ ಕೆಲವು ಜಾತಿಗಳ ತಲೆಗೆ ಕಟ್ಟಿ, ಆಮೇಲೆ ಅವರನ್ನೇ ಹೊಲಸು ಅಂದಿತು. ತರಬೇತಿ ಕಲಿಸುವುದು ಸೋಂಕಿನ ಮಾತು. ಸೋಂಕು ಸೋಪು ನೀರಿಗೆ ಹೋಗುತ್ತದೆ. ಮೈಲಿಗೆ ಯಾವ ನೀರಿಗೆ ಹೋದೀತು? ವಾರ್ಡಿನಲ್ಲಿ ಗಾಜಿನ ಬಳೆ ಬೇಡ ಅನ್ನುವುದೂ ಕೈ ಚೆನ್ನಾಗಿ ತೊಳೆಯಲಿ ಅಂತ. ಬರಿಗೈ ಅಪಶಕುನ ಅನ್ನುವ ಊರಿನ ಹುಡುಗಿಗೆ ಇದೇನು ಸಣ್ಣ ಮಾತೇ? ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳನ್ನು, ಬಾಣಂತಿಯನ್ನು ಹೊರಗಿಡುವ ರೂಢಿ ನಮಗೆಲ್ಲ ಗೊತ್ತು. ಮುಟ್ಟೆಂದರೆ ಗರ್ಭಕೋಶದ ಒಳಪದರ ಕಳಚಿ ಬರುವುದು ಅಂತ ಓದಿದವಳು ರಜೆಗೆ ಊರಿಗೆ ಬಂದಾಗ ಆ ಗುಡಿಸಲ ಮುಂದೆ ನಿಲ್ಲಬೇಕಾಗುತ್ತದೆ. ಅವಳ ನಿಜವಾದ ಪರೀಕ್ಷೆ ಅಲ್ಲಿದೆ. ಆ ಪರೀಕ್ಷೆಯಲ್ಲಿ ಅವಳೊಬ್ಬಳನ್ನೇ ಬಿಟ್ಟರೆ ಸೋಲುವವರು ನಾವು. ಅಕ್ಷರ ಕಲಿಸಿದ ಸಾವಿತ್ರಿಬಾಯಿ ಫುಲೆ 1897ರಲ್ಲಿ ಪ್ಲೇಗು ರೋಗಿಗಳ ಆರೈಕೆಯಲ್ಲೇ ಸೋಂಕು ತಗಲಿ ತೀರಿಕೊಂಡರು. ಹಳ್ಳಿಯ ಮೇಷ್ಟ್ರುಗಳು ಇದನ್ನು ಮರೆಯಬಾರದು.

ಹಾಗಂತ ಶಾಸನಕ್ಕೂ ನಾವು ಸುಮ್ಮನೆ ಕೈಮುಗಿಯಬೇಕಿಲ್ಲ. ಅದು ಅರಸನ ಆಜ್ಞೆ. ಶಿಷ್ಯ ಗುರುವನ್ನು ಗೌರವಿಸಲಿ ಅನ್ನುತ್ತದೆ. ಶಿಷ್ಯನ ಮಾತನ್ನು ಗುರು ಕೇಳಲಿ ಅನ್ನುವುದಿಲ್ಲ. ಆದರೆ ದೊಡ್ಡವರಷ್ಟೇ ಏಕೆ, ಸಣ್ಣವರೂ ಪಟ್ಟು ಹಿಡಿದು ದುಡಿದರೆ ಸ್ವರ್ಗ ಪಡೆಯಬಲ್ಲರು ಎಂಬ ಮಾತೂ ಅದರಲ್ಲಿದೆ. ಸ್ವರ್ಗ ಅರಸನಿಗಿರಲಿ, ಸಣ್ಣವರು ಮೇಲೇಳುವ ಆ ಮಾತು ನಮಗೆ ಬೇಕು. ಪ್ರತಿಜ್ಞೆಯಲ್ಲಿ ರೋಗಿ ಮೊದಲು ಬರಲಿ. ತಪ್ಪು ಕಂಡಾಗ ಕೇಳುವ ಹಕ್ಕು ಎರಡನೆಯ ಸಾಲಾಗಲಿ. ದೀಪ ಹಿಡಿದ ಹುಡುಗಿಯರು ಅಂಥದ್ದನ್ನು ಗಟ್ಟಿಯಾಗಿ ಓದಲಿ.