ಮೇಲ್ಚೀಟಿಯ ಪ್ರಾಮಾಣ್ಯ: ಬ್ರೌಸರುಗಳಲ್ಲಿ ಕಡತಪ್ರಕಾರವೂ ಹಸ್ತಪ್ರತಿವಾಚನವೂ

ತಾಳೆಗರಿಯ ಕಟ್ಟಿಗೆ ಸೇರಿಸಿದ ಚೀಟಿಯಲ್ಲಿ ಒಂದು ಗ್ರಂಥದ ಹೆಸರೂ ಗರಿಗಳಲ್ಲಿ ಮತ್ತೊಂದು ಗ್ರಂಥವೂ ಇರುವುದು ಹಸ್ತಪ್ರತಿ ಭಂಡಾರಗಳಲ್ಲಿ ಹೊಸ ಅನುಭವವಲ್ಲ. ಸೂಚೀಕಾರನು ಅಂತಹ ಕಟ್ಟನ್ನು ಬಿಚ್ಚಿ, ಆದ್ಯಂತಗಳನ್ನು ಓದಿ, ಪುಷ್ಪಿಕೆಯನ್ನು ಪರಿಶೀಲಿಸಿ ಚೀಟಿಯನ್ನು ತಿದ್ದುತ್ತಾನೆ. ಚೀಟಿಗೆ ಹೊಂದಲೆಂದು ಗ್ರಂಥವನ್ನು ಬೇರೆಯಾಗಿ ಓದುವ ಪಂಡಿತನಿಲ್ಲ. ಆದರೆ ಹಸ್ತಪ್ರತಿಗಳ ಛಾಯಾಬಿಂಬಗಳೂ ಲಿಪ್ಯಂತರಗಳೂ ಅಂತರ್ಜಾಲದ ಮೂಲಕ ವಿದ್ವಾಂಸರನ್ನು ತಲುಪುತ್ತಿರುವ ಈಗಿನ ಕ್ರಮದಲ್ಲಿ ಈ ಪರಂಪರೆ ತಲೆಕೆಳಗಾಗಿದೆ. ಅಲ್ಲಿ ಚೀಟಿಯೇ ಪ್ರಮಾಣ. ಗ್ರಂಥವು ಚೀಟಿಯನ್ನು ಅನುಸರಿಸಬೇಕು.

ಈ ಚೀಟಿ ಯಾವುದೆಂಬುದನ್ನು ಮೊದಲು ನೋಡಬೇಕು. ದಾಖಲೆಯನ್ನು ಇರಿಸಿಕೊಂಡ ಸರ್ವರ್ ಅದನ್ನು ಕಳುಹಿಸುವಾಗ, ದಾಖಲೆಗಿಂತ ಮುಂಚೆ ಕೆಲವು ಶಿರೋಲೇಖಗಳನ್ನು ಕಳುಹಿಸುತ್ತದೆ. ಅವುಗಳಲ್ಲಿ ‘ಕಂಟೆಂಟ್-ಟೈಪ್’ ಎಂಬುದು ದಾಖಲೆಯ ಜಾತಿಯನ್ನು ಹೇಳುತ್ತದೆ. ಈ ಪದ್ಧತಿ ಮೂಲತಃ ಈ-ಮೇಲಿಗಾಗಿ ರೂಪುಗೊಂಡುದು. 1992ರಲ್ಲಿ ಬೋರೆನ್‌ಸ್ಟೈನ್ ಮತ್ತು ಫ್ರೀಡ್ ಎಂಬ ಇಬ್ಬರು ರಚಿಸಿದ ‘ಮೈಮ್’ ನಿಯಮಾವಳಿಯಲ್ಲಿ ಪಠ್ಯ, ಚಿತ್ರ, ಧ್ವನಿ, ವಿಡಿಯೋ, ಸಂದೇಶ, ಬಹುಭಾಗ, ಅಪ್ಲಿಕೇಶನ್ ಎಂದು ಏಳು ವರ್ಗಗಳನ್ನು ಹೇಳಿ, ಪ್ರತಿಯೊಂದಕ್ಕೂ ಉಪವರ್ಗಗಳನ್ನು ಕಲ್ಪಿಸಲಾಯಿತು. ಜಾಲವು ಇದನ್ನೇ ಸ್ವೀಕರಿಸಿತು. ಕಡತದ ಹೆಸರಿನ ಕೊನೆಯಲ್ಲಿರುವ ಬಾಲಾಕ್ಷರಗಳನ್ನು ನೋಡಿ ಬ್ರೌಸರ್ ಜಾತಿಯನ್ನು ನಿರ್ಣಯಿಸುತ್ತದೆಂಬ ತಿಳುವಳಿಕೆ ಪ್ರಚಲಿತವಾಗಿದೆ, ಅದು ಸರಿಯಲ್ಲ. ಬಾಲಾಕ್ಷರಗಳನ್ನು ನೋಡಿ ಚೀಟಿ ಬರೆಯುವುದು ಸಾಮಾನ್ಯವಾಗಿ ಸರ್ವರ್. ಬ್ರೌಸರ್ ನೋಡುವುದು ಚೀಟಿಯನ್ನು.

ಇದರ ಫಲವನ್ನು ಪಿಡಿಎಫ್ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಪಿಡಿಎಫ್ ಎಂದೇ ಚೀಟಿಯಿದ್ದರೆ ಅದು ಬ್ರೌಸರಿನೊಳಗೆ ತೆರೆದುಕೊಳ್ಳುತ್ತದೆ. ಕ್ರೋಮ್ 2010ರಿಂದಲೂ ಫೈರ್‌ಫಾಕ್ಸ್ 2013ರಿಂದಲೂ ಇದಕ್ಕೆ ತಮ್ಮದೇ ವೀಕ್ಷಕವನ್ನು ಹೊಂದಿವೆ. ‘ಆಕ್ಟೆಟ್-ಸ್ಟ್ರೀಮ್’, ಎಂದರೆ ಜಾತಿ ತಿಳಿಯದ ಬೈಟುಗಳ ರಾಶಿ, ಎಂದು ಚೀಟಿಯಿದ್ದರೆ ಬ್ರೌಸರ್ ಅದನ್ನು ಓದಲು ಯತ್ನಿಸದೆ ಉಳಿಸಿಡಲು ಹೊರಡುತ್ತದೆ. ಚೀಟಿ ಸರಿಯಿದ್ದರೂ ‘ಕಂಟೆಂಟ್-ಡಿಸ್ಪೊಸಿಶನ್’ ಎಂಬ ಇನ್ನೊಂದು ಶಿರೋಲೇಖವು ‘ಅಟ್ಯಾಚ್‌ಮೆಂಟ್’ ಎಂದು ಹೇಳಿದರೆ ಫಲ ಅದೇ. ಇನ್ನು ಓದುಗನು ತನ್ನ ಬ್ರೌಸರಿನಲ್ಲಿ ಪಿಡಿಎಫ್‌ಗಳನ್ನು ಇಳಿಸಿಕೊಳ್ಳಬೇಕೆಂದು ಆಯ್ದಿದ್ದರೆ ಸರ್ವರಿನ ಇಚ್ಛೆ ಏನೇ ಇರಲಿ, ದಾಖಲೆ ಇಳಿಯುತ್ತದೆ. ಒಂದೇ ಪ್ರತಿ ಇಬ್ಬರು ವಿದ್ವಾಂಸರಿಗೆ ಎರಡು ಬಗೆಯಲ್ಲಿ ಒದಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಒಂದು ಗರಿಯ ಒಂದು ಪಾಠವನ್ನು ನೋಡಬೇಕಾದವನು ಮುನ್ನೂರು ಗರಿಗಳ ಬಿಂಬಗಳನ್ನೂ ಇಳಿಸಿಕೊಳ್ಳಬೇಕಾಗುವುದು ತೊಂದರೆಯೇ ಹೌದು. ಆದರೂ ಇದರಿಂದ ಪಾಠಕ್ಕೆ ಹಾನಿಯಿಲ್ಲ.

ಪಾಠಕ್ಕೇ ಹಾನಿ ತಟ್ಟುವುದು ಲಿಪ್ಯಂತರಗಳಲ್ಲಿ. ಪಠ್ಯವರ್ಗದ ಚೀಟಿಯಲ್ಲಿ ಜಾತಿಯ ಜೊತೆಗೆ ಅಕ್ಷರಸಂಕೇತಕ್ರಮವನ್ನೂ ಹೇಳಬಹುದು. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತು ಮೂರು ದಶಕಗಳು ಕಳೆದಿವೆ. ಜಾಲದಲ್ಲಿ ಅದು ಯುಟಿಎಫ್-8 ಎಂಬ ಕ್ರಮದಲ್ಲಿ ಸಂಚರಿಸುತ್ತದೆ. ಈ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವರಚಿಹ್ನೆಗೂ ಮೂರು ಬೈಟುಗಳು ಬೇಕು. ‘ಜಿನ’ ಎಂಬ ಶಬ್ದವನ್ನು ತೆಗೆದುಕೊಂಡರೆ ಜಕಾರ, ಇಕಾರದ ಚಿಹ್ನೆ, ನಕಾರ ಎಂದು ಮೂರು ಘಟಕಗಳು, ಒಂಬತ್ತು ಬೈಟುಗಳು. ಸರ್ವರಿನ ಚೀಟಿಯಲ್ಲಿ ಐಎಸ್‌ಒ-8859-1 ಎಂಬ ಪಾಶ್ಚಾತ್ಯ ಸಂಕೇತಕ್ರಮದ ಹೆಸರಿದ್ದರೆ ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತದೆ. ಆಗ ‘ಜಿನ’ ಇದ್ದಲ್ಲಿ ಒಂಬತ್ತು ಚಿಹ್ನೆಗಳು ಕಾಣುತ್ತವೆ: ತಲೆಯ ಮೇಲೆ ಓರೆಗೆರೆಯಿರುವ ರೋಮನ್ ಎ-ಕಾರ, ಮೇಲಕ್ಕೆತ್ತಿ ಬರೆದ ಎರಡರ ಅಂಕಿ, ಬಳಿಕ ಇನ್ನೊಂದು ಚಿಹ್ನೆ, ಹೀಗೆ ಮೂರು ಬಾರಿ. ಪುಟದುದ್ದಕ್ಕೂ ಇದೇ ಪುನರಾವೃತ್ತಿ. ಕಡತ ಕೆಟ್ಟಿತೆಂದು ಓದುಗನು ಕೈಬಿಡುತ್ತಾನೆ. ವಸ್ತುತಃ ಒಂದು ಅಕ್ಷರವೂ ನಷ್ಟವಾಗಿಲ್ಲ. ಕೆಟ್ಟಿರುವುದು ಓದುವ ಕ್ರಮ ಮಾತ್ರ.

ಇಲ್ಲಿ ಆಕ್ಷೇಪಾರ್ಹವಾದ ಅಂಶ ಬೇರೊಂದಿದೆ. ಲಿಪ್ಯಂತರವನ್ನು ಸಿದ್ಧಪಡಿಸಿದವನು ದಾಖಲೆಯ ಒಳಗೇ ಅದರ ಸಂಕೇತಕ್ರಮ ಯುಟಿಎಫ್-8 ಎಂದು ಬರೆದಿದ್ದರೂ ಹೊರಗಿನ ಶಿರೋಲೇಖ ಬೇರೆ ಹೇಳಿದರೆ ಬ್ರೌಸರ್ ಹೊರಗಿನದನ್ನೇ ನಂಬಬೇಕೆಂಬುದು ನಿಯಮ. ಕಡತದ ಪ್ರಾರಂಭದಲ್ಲಿ ‘ಬಾಮ್’ ಎಂಬ ವಿಶೇಷ ಗುರುತು ಇದ್ದರೆ ಮಾತ್ರ ಅದು ಶಿರೋಲೇಖವನ್ನು ಮೀರುತ್ತದೆ. ಲಿಪಿಕಾರನ ಪುಷ್ಪಿಕೆಗಿಂತ ಕಪಾಟಿನ ಚೀಟಿಗೆ ಹೆಚ್ಚಿನ ಪ್ರಾಮಾಣ್ಯ! ಇದಕ್ಕೆ ಕಾರಣ ಇಲ್ಲದಿಲ್ಲ. ದಾರಿಯಲ್ಲಿರುವ ಯಂತ್ರಗಳು ಒಂದು ಸಂಕೇತಕ್ರಮದಿಂದ ಇನ್ನೊಂದಕ್ಕೆ ಪಠ್ಯವನ್ನು ಮಾರ್ಪಡಿಸಿ, ಒಳಗಿನ ಹೇಳಿಕೆಯನ್ನು ತಿದ್ದದೆ ಚೀಟಿಯನ್ನಷ್ಟೇ ತಿದ್ದುವ ಸಂಭವವನ್ನು ನಿಯಮಕಾರರು ಗಣಿಸಿದ್ದರು. ಆದರೆ ಅಪಾಚೆ ಸರ್ವರಿನ ಒಂದು ಸಾಮಾನ್ಯ ನಿರ್ದೇಶನದಿಂದ ಎಲ್ಲ ಪಠ್ಯಗಳ ಮೇಲೂ ಒಂದೇ ಸಂಕೇತಕ್ರಮದ ಹೆಸರು ಬೀಳುವಂತೆ ಮಾಡಬಹುದು. ಹಾಗೆ ಮಾಡಿದ ಕಡೆ ಕನ್ನಡ, ಪ್ರಾಕೃತ, ಸಂಸ್ಕೃತ ಎಲ್ಲಕ್ಕೂ ಒಂದೇ ಗತಿ. ಹಿಂದೆ ಕ್ರೋಮ್ ಬ್ರೌಸರಿನಲ್ಲಿ ಓದುಗನೇ ಸಂಕೇತಕ್ರಮವನ್ನು ಬದಲಿಸಿ ನೋಡಲು ಒಂದು ಪಟ್ಟಿ ಇತ್ತು, ಅದನ್ನೂ ತೆಗೆದುಹಾಕಲಾಗಿದೆ. ಕೆಟ್ಟಂತೆ ಕಂಡ ಪಾಠವನ್ನು ಯಾರಾದರೂ ಹಾಗೆಯೇ ನಕಲಿಸಿ ಉಳಿಸಿದರಂತೂ ತಾತ್ಕಾಲಿಕವಾದ ದೃಷ್ಟಿದೋಷವು ಪ್ರತ್ಯಂತರದ ದೋಷವಾಗಿ ಸ್ಥಿರವಾಗುತ್ತದೆ.

ಚೀಟಿಯನ್ನು ನಂಬದೆ ಒಳಗನ್ನು ನೋಡುವ ಬ್ರೌಸರುಗಳೂ ಇದ್ದವು. ಪಿಡಿಎಫ್ ಕಡತವು ಶೇಕಡಾ ಚಿಹ್ನೆ ಮತ್ತು ‘ಪಿಡಿಎಫ್’ ಎಂಬ ರೋಮನ್ ಅಕ್ಷರಗಳಿಂದ ಆರಂಭವಾಗುತ್ತದೆ. ಇಂತಹ ಆದಿವಾಕ್ಯಗಳನ್ನು ನೋಡಿ ಜಾತಿಯನ್ನು ಊಹಿಸುವುದನ್ನು ‘ಸ್ನಿಫಿಂಗ್’ ಎನ್ನುತ್ತಾರೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದು ಊಹಾಪಾಠ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ಧಾರಾಳವಾಗಿ ಮಾಡುತ್ತಿತ್ತು. ಊಹೆ ಅತಿಯಾದಾಗ ಸಂಪಾದಕನಿಗೆ ಒದಗುವ ಅನರ್ಥವೇ ಅದಕ್ಕೂ ಒದಗಿತು: ಸರಳ ಪಠ್ಯವೆಂದೋ ಚಿತ್ರವೆಂದೋ ಕಳುಹಿಸಿದ ಕಡತದೊಳಗೆ ಅಡಗಿಸಿದ ದುಷ್ಟ ಆದೇಶಗಳನ್ನು ಅದು ಕಾರ್ಯಗತಗೊಳಿಸಿಬಿಡುತ್ತಿತ್ತು. ಆದ್ದರಿಂದ 2008ರಲ್ಲಿ ಅದೇ ಬ್ರೌಸರಿನ 8ನೆಯ ಆವೃತ್ತಿಯ ಕಾಲಕ್ಕೆ ‘ನೋಸ್ನಿಫ್’ ಎಂಬ ನಿಷೇಧಾಜ್ಞೆ ಬಂದಿತು. ಈ ಆಜ್ಞೆಯಿದ್ದ ಕಡೆ ಪಿಡಿಎಫ್‌ನ ಮೇಲೆ ಸರಳ ಪಠ್ಯವೆಂಬ ತಪ್ಪು ಚೀಟಿ ಬಿದ್ದಿದ್ದರೆ ಪರದೆಯ ತುಂಬ ಅರ್ಥಹೀನ ಚಿಹ್ನೆಗಳೇ ಕಾಣುತ್ತವೆ. ಊಹೆಯನ್ನು ನಿಷೇಧಿಸಿದ್ದು ಸರಿಯೇ. ಆದರೆ ನಿಷೇಧದ ಬಳಿಕ ಚೀಟಿ ಬರೆಯುವವನ ಹೊಣೆ ಇಮ್ಮಡಿಯಾಯಿತೆಂಬುದು ಭಂಡಾರಗಳ ಜಾಲವನ್ನು ನಿರ್ವಹಿಸುವವರ ಗಮನಕ್ಕೆ ಬಂದಂತಿಲ್ಲ.

ಡೆಜಾವೂ ಕಡತಗಳ ಕಥೆ ಇನ್ನಷ್ಟು ಖೇದಕರ. ಹಳೆಯ ಪುಟಗಳ ಬಿಂಬಗಳನ್ನು ಅಲ್ಪಗಾತ್ರದಲ್ಲಿ ಅಡಕಗೊಳಿಸಲೆಂದೇ 1990ರ ದಶಕದಲ್ಲಿ ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಹುಟ್ಟಿದ ರೂಪವಿದು. ಇದನ್ನು ತೋರಿಸಲು ಬ್ರೌಸರಿಗೆ ಪ್ಲಗಿನ್ ಬೇಕಾಗಿತ್ತು. ಕ್ರೋಮ್ 2015ರಲ್ಲಿಯೂ ಫೈರ್‌ಫಾಕ್ಸ್ 2017ರಲ್ಲಿಯೂ ಹಳೆಯ ಪ್ಲಗಿನ್ ಪದ್ಧತಿಯನ್ನು ಕೈಬಿಟ್ಟವು. ಇಂಟರ್ನೆಟ್ ಆರ್ಕೈವ್ 2016ರಲ್ಲಿ ಹೊಸ ಡೆಜಾವೂ ಕಡತಗಳ ತಯಾರಿಕೆಯನ್ನು ನಿಲ್ಲಿಸಿತು. ಈಗ ಚೀಟಿ ಶುದ್ಧವಾಗಿದ್ದರೂ ಓದುವ ಕಣ್ಣು ಬ್ರೌಸರಿನಲ್ಲಿಲ್ಲ. ಬಿಂಬಗಳ ಮೂಲಪ್ರತಿಯಾಗಿ ಕಾಯ್ದಿಡುವ ಟಿಫ್ ರೂಪವನ್ನೂ ಕ್ರೋಮ್, ಫೈರ್‌ಫಾಕ್ಸ್‌ಗಳು ತೋರಿಸಲಾರವು. ಇವುಗಳನ್ನು ಜಾಲಕ್ಕೆ ಏರಿಸಿದವರು ಪಕ್ಕದಲ್ಲಿ ಜೆಪೆಗ್ ಅಥವಾ ಪಿಡಿಎಫ್ ಪ್ರತಿಯನ್ನೂ ಇಡಬೇಕಾಗುತ್ತದೆ.

ದಾಖಲೆ ತೆರೆಯದಿದ್ದಾಗ ಬ್ರೌಸರಿನ ಆಯ್ಕೆಗಳನ್ನು ಬದಲಿಸಿಕೊಳ್ಳಿರೆಂದು ಓದುಗನಿಗೆ ಸಲಹೆ ನೀಡುವುದು ರೂಢಿಯಾಗಿದೆ. ಓದುಗನ ಆಯ್ಕೆ ಸಹಾಯಕವಾಗುವುದು ಚೀಟಿ ಸರಿಯಿದ್ದಾಗ ಮಾತ್ರ. ಚೀಟಿಯೇ ಅಶುದ್ಧವಾದಲ್ಲಿ ಸಾವಿರ ಓದುಗರು ಸಾವಿರ ಬಾರಿ ತಿದ್ದಿಕೊಳ್ಳಬೇಕಾದುದನ್ನು ಸರ್ವರಿನಲ್ಲಿ ಒಂದು ಸಾಲು ತಿದ್ದಿ ಮುಗಿಸಬಹುದು. ಲಿಪಿ, ಭಾಷೆ, ವಿಷಯಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಸೂಚೀಕಾರರಿಗೆ ಹೊಸತಲ್ಲ. ಮೂಡಬಿದಿರೆಯ ಧವಲಾ ಪ್ರತಿಗಳ ಲಿಪಿ ಹಳಗನ್ನಡದ್ದು, ಭಾಷೆ ಬಹುಮಟ್ಟಿಗೆ ಪ್ರಾಕೃತ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅದು ದೇವನಾಗರಿಯಲ್ಲಿ ಅಚ್ಚಾಯಿತು. ಲಿಪಿಯನ್ನು ನೋಡಿ ಅದನ್ನು ಕನ್ನಡ ಗ್ರಂಥವೆನ್ನುವವರಿಲ್ಲ. ಅದೇ ವಿವೇಕದಿಂದ, ಬಿಂಬಗಳನ್ನು ಜಾಲಕ್ಕೆ ಏರಿಸುವ ಭಂಡಾರಗಳು ಗ್ರಂಥನಾಮ, ಪತ್ರಸಂಖ್ಯೆ, ಲಿಪಿ, ಭಾಷೆಗಳ ಜೊತೆಯಲ್ಲಿ ಕಡತಪ್ರಕಾರವನ್ನೂ ಸಂಕೇತಕ್ರಮವನ್ನೂ ಸೂಚಿಯಲ್ಲಿ ನಮೂದಿಸಿ, ಸರ್ವರ್ ಕಳುಹಿಸುವ ಶಿರೋಲೇಖವು ಆ ನಮೂದಿಗೆ ಹೊಂದುತ್ತದೆಯೇ ಎಂದು ಪ್ರತಿ ಕಡತಕ್ಕೂ ಪರೀಕ್ಷಿಸಬೇಕು.