ಅಗ್ಗದ ಕುಲುಮೆ, ದುಬಾರಿ ಉಷ್ಣ

ಅಮೆರಿಕದ ಉತ್ತರ ರಾಜ್ಯಗಳ ಹಳ್ಳಿಗಾಡಿನಲ್ಲಿ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಹೊರಾಂಗಣ ಸೌದೆ ಕುಲುಮೆಗಳನ್ನು ಬಳಸುವುದುಂಟು. ಮನೆಯಿಂದ ತುಸು ದೂರದಲ್ಲಿ ನಿಂತ ಉಕ್ಕಿನ ಪುಟ್ಟ ಗೂಡು. ಒಳಗೆ ಒಲೆ, ಒಲೆಯ ಸುತ್ತ ನೀರು. ಕಾದ ನೀರು ನೆಲದಡಿಯ ಕೊಳವೆಯಲ್ಲಿ ಮನೆಗೆ ಹೋಗಿ, ಉಷ್ಣವನ್ನು ಬಿಟ್ಟುಕೊಟ್ಟು ಮರಳುತ್ತದೆ. ತತ್ತ್ವದಲ್ಲಿ ಇದು ನಮ್ಮ ಬಚ್ಚಲ ಹಂಡೆಯ ಒಲೆಯೇ. ಹಣ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ: 'ಕಡಿಮೆ ಬೆಲೆಗೆ ಸಿಗುವ ಅತಿ ದೊಡ್ಡ ಕುಲುಮೆಯನ್ನು ಕೊಳ್ಳಿ.' ಈ ಸಲಹೆ ಭೌತವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಮೊದಲು 'ದೊಡ್ಡದು' ಎಂಬ ಮಾತನ್ನು ನೋಡೋಣ. ಗಂಟೆಗೆ 1 ಲಕ್ಷ ಬಿಟಿಯು ಎಂದರೆ ಸುಮಾರು 29 ಕಿಲೋವಾಟ್. ಮನೆಗೆ ಗರಿಷ್ಠ ಉಷ್ಣ ಬೇಕಾಗುವುದು ಅತಿ ಚಳಿಯ ಕೆಲವೇ ರಾತ್ರಿಗಳಲ್ಲಿ. ಉಳಿದ ಕಾಲದಲ್ಲಿ ನೀರು ಬೇಗ ಕಾಯುತ್ತದೆ. ಆಗ ನಿಯಂತ್ರಕವು ಗಾಳಿಯ ದ್ವಾರವನ್ನು ಮುಚ್ಚುತ್ತದೆ. ಸೌದೆ ಆರುವುದಿಲ್ಲ, ಹೊಗೆಯಾಡುತ್ತದೆ. ಮರದಿಂದ ಹೊರಡುವ ಅನಿಲಗಳು ಚೆನ್ನಾಗಿ ಉರಿಯಲು ಸಾಕಷ್ಟು ಆಮ್ಲಜನಕ ಬೇಕು, ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ತಾಪ ಬೇಕು. ಒಲೆಯ ಗೋಡೆಯ ಹಿಂದೆ ಇರುವುದೋ 80 ಡಿಗ್ರಿಯ ನೀರು! ಉರಿಯದ ಅನಿಲ ಟಾರಿನಂತಹ ಕ್ರಿಯೋಸೋಟ್ ಆಗಿ ಗೋಡೆಗೆ ಅಂಟುತ್ತದೆ. ಉಳಿದದ್ದು ಗಿಡ್ಡ ಚಿಮಣಿಯಿಂದ ಹೊರಬಿದ್ದು ನೆರೆಯವರ ಶ್ವಾಸಕೋಶ ಸೇರುತ್ತದೆ.

ಎರಡನೆಯದು ಬೆಲೆ. ಒಂದು ಚಳಿಗಾಲಕ್ಕೆ ಮನೆಗೆ 1 ಲಕ್ಷ ಮೆಗಾಜೂಲ್ ಉಷ್ಣ ಬೇಕೆಂದು ಇಟ್ಟುಕೊಳ್ಳೋಣ. ಚೆನ್ನಾಗಿ ಒಣಗಿದ ಸೌದೆಯ ಪ್ರತಿ ಕಿಲೋಗ್ರಾಮಿನಿಂದ ಸುಮಾರು 15 ಮೆಗಾಜೂಲ್ ದೊರೆಯುತ್ತದೆ. ದಕ್ಷತೆ ಶೇ. 40 ಇದ್ದರೆ ಬೇಕಾಗುವ ಸೌದೆ ಸುಮಾರು 16.7 ಟನ್, ಶೇ. 75 ಇದ್ದರೆ 8.9 ಟನ್. ಹತ್ತು ವರ್ಷಗಳಲ್ಲಿ ವ್ಯತ್ಯಾಸ 78 ಟನ್. ಸೌದೆ ಸ್ವಂತ ತೋಟದ್ದೇ ಆದರೂ ಅದನ್ನು ಕಡಿದು, ಸೀಳಿ, ಹೊರಬೇಕಲ್ಲ! ಅರ್ಧ ತೂಕ ನೀರೇ ಇರುವ ಹಸಿ ಸೌದೆಯಾದರೆ ಕಿಲೋಗ್ರಾಮಿಗೆ ದೊರೆಯುವುದು 8 ಮೆಗಾಜೂಲ್ ಮಾತ್ರ.

ಜಾಹೀರಾತಿನ 'ದಕ್ಷತೆ'ಯನ್ನೂ ಎಚ್ಚರಿಕೆಯಿಂದ ಓದಬೇಕು. ದಹನ ಎಷ್ಟು ಪೂರ್ಣ ಎಂಬುದು ಒಂದು ಅಂಶ, ಉಷ್ಣದ ಎಷ್ಟು ಪಾಲು ನೀರಿಗೆ ಸೇರಿತು ಎಂಬುದು ಇನ್ನೊಂದು, ಕೊಳವೆಯನ್ನು ದಾಟಿ ಮನೆಗೆ ಎಷ್ಟು ಮುಟ್ಟಿತು ಎಂಬುದು ಮತ್ತೊಂದು. ಒಟ್ಟು ದಕ್ಷತೆ ಈ ಮೂರರ ಗುಣಲಬ್ಧ. 30 ಮೀಟರ್ ಕೊಳವೆ ಮೀಟರಿಗೆ 30 ವಾಟ್‌ನಂತೆ ಉಷ್ಣ ಕಳೆದುಕೊಂಡರೆ, 150 ದಿನಗಳಲ್ಲಿ ಪೋಲಾಗುವುದು 11,600 ಮೆಗಾಜೂಲ್‌ಗೂ ಹೆಚ್ಚು. ಮೇಲಿನ ಮನೆಯ ಅಗತ್ಯದ ಶೇ. 11ಕ್ಕೂ ಮಿಗಿಲಾದ ಉಷ್ಣ ಮಣ್ಣುಪಾಲು!

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಹೊಸ ಕುಲುಮೆಗಳು ಹೊರಬಿಡುವ ಕಣಗಳಿಗೆ ಮಿತಿ ವಿಧಿಸಿತು: ಪ್ರತಿ ಮೆಗಾಜೂಲ್ ಉಷ್ಣಕ್ಕೆ ಸುಮಾರು 0.14 ಗ್ರಾಂ. 2020ರಲ್ಲಿ ಅದನ್ನು ಸುಮಾರು 0.04 ಗ್ರಾಮಿಗೆ ಇಳಿಸಿತು. ಇದಕ್ಕೆ ನೆರವಾದ ವಿನ್ಯಾಸದಲ್ಲಿ ಮರದ ಅನಿಲವನ್ನು ಉಷ್ಣನಿರೋಧಕ ಇಟ್ಟಿಗೆಯ ಪ್ರತ್ಯೇಕ ಕೋಣೆಯಲ್ಲಿ ಉರಿಸಿ, ಅನಂತರವೇ ನೀರಿನ ಸಂಪರ್ಕಕ್ಕೆ ತರುತ್ತಾರೆ. ಜೊತೆಗೆ 2,000 ಲೀಟರ್ ನೀರಿನ ತೊಟ್ಟಿಯಿದ್ದರೆ, 40 ಡಿಗ್ರಿ ಏರಿಕೆಯಲ್ಲಿ ಅದು 336 ಮೆಗಾಜೂಲ್ ಹಿಡಿದಿಡುತ್ತದೆ. ಅಂದರೆ 10 ಕಿಲೋವಾಟ್ ಬೇಡಿಕೆಯನ್ನು 9 ಗಂಟೆ ಪೂರೈಸುತ್ತದೆ. ಬೆಂಕಿ ಪೂರ್ಣವಾಗಿ ಉರಿದು ಆರಬಹುದು, ಹೊಗೆಯಾಡುತ್ತ ಕಾಯಬೇಕಿಲ್ಲ.

ಇಂತಹ ಕುಲುಮೆಯ ಬೆಲೆ ಹೆಚ್ಚು ಎಂಬುದು ನಿಜ. ಹಣ ಸಾಲದಿದ್ದರೆ ಹಳೆಯ ಮಾದರಿಯನ್ನು ಅಗ್ಗಕ್ಕೆ ತರುವುದು ಪರಿಹಾರವಲ್ಲ. ಮೊದಲು ಮನೆಯ ಬಿರುಕುಗಳನ್ನು ಮುಚ್ಚಿ, ಮಾಳಿಗೆಗೆ ಉಷ್ಣನಿರೋಧಕ ಹಾಕಬೇಕು. ಸೌದೆಯನ್ನು ಒಂದು ವರ್ಷ ಒಣಗಿಸಬೇಕು. ಬೇಡಿಕೆ ತಗ್ಗಿದ ಮೇಲೆ ಚಿಕ್ಕ ಕುಲುಮೆ, ಅಥವಾ ಪ್ರಮಾಣಪತ್ರವಿರುವ ಒಳಾಂಗಣ ಒಲೆಯೇ ಸಾಕಾಗಬಹುದು. ಶಿಕ್ಷಕರು ಈ ಲೆಕ್ಕಗಳನ್ನು ಶಾಲೆಯ ಬಿಸಿಯೂಟದ ಒಲೆಗೂ ಅನ್ವಯಿಸಿ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಬೆಲೆಚೀಟಿ ಒಲೆಯ ಬೆಲೆಯನ್ನಷ್ಟೇ ಹೇಳುತ್ತದೆ. ಉಷ್ಣದ ಬೆಲೆಯನ್ನು ನಾವೇ ಲೆಕ್ಕ ಹಾಕಬೇಕು.